ಹಿಂಗಾಲು

ಕೈ ಹಾಕಬೇಡಿ ಎಂದು ಮೊಯ್ದು ಕೂಗುವ ಹೊತ್ತಿಗೆ
ನಾನು ಕೈ ಹಾಕಿಯಾಗಿತ್ತು.

ಪುತ್ತರಿ ಕಳೆದು ಹನ್ನೊಂದನೆಯ ದಿನ.
ಕಣದಲ್ಲಿ ಕಾಫಿ ಅರ್ಧ ಒಣಗಿತ್ತು.
ಮೂಳೆಯಿರಲಿಲ್ಲ, ತಟ್ಟೆಯಿರಲಿಲ್ಲ, ಬೆದೆಯ ಕಾಲವೂ ಅಲ್ಲ.
ಗೇಟಿನಲ್ಲಿ ಯಾರದೋ ಜೀಪು ನಿಂತಿತು, ಅಷ್ಟೆ.
ಎರಡೂ ಬೊಗಳುತ್ತ ಓಡಿದವು
ಎರಡೂ ಒಂದೇ ಸಂದಿಯಲ್ಲಿ ಮೂತಿ ತೂರಿದವು
ಆಮೇಲೆ ಬೊಗಳುವುದು ನಿಂತಿತು.

ಆ ನಿಂತದ್ದು ನನಗೆ ಈಗಲೂ ಕೇಳಿಸುತ್ತದೆ.

ಮೇಜರ್ ಎಂಬುದು ಚಂಗಪ್ಪನ ಜೊತೆ ಬಂದ ನಾಯಿ,
ಜೀರಿಗೆ ನನ್ನ ಜೊತೆ ಬಂದದ್ದು.
ಇಬ್ಬರಿಗೂ ಎರಡನೆಯ ಮದುವೆ.
ಸುಂಟಿಕೊಪ್ಪದ ಈ ಮನೆಗೆ ಅವನು ತಂದದ್ದು
ಒಂದು ಟ್ರಂಕು, ಒಂದು ಕೋವಿ, ಒಂದು ನಾಯಿ;
ನಾನು ತಂದದ್ದು ಹೊಲಿಗೆ ಮೆಷಿನ್ನು, ಒಂದು ನಾಯಿ.
ಮೂರು ವರ್ಷ ಒಂದೇ ಗೋಣಿಯ ಮೇಲೆ ಮಲಗಿದವು.
ಅವನ್ನು ನೋಡಿ ಕಲಿಯಿರಿ ಎಂದು
ಅತ್ತಿಗೆ ನಮಗೇ ಹೇಳಿದ್ದಳು ಒಮ್ಮೆ.

ಚಂಗಪ್ಪ ಬಕೆಟ್ಟು ನೀರು ಎರಚಿದ, ಬೆತ್ತ ತಂದ,
ಪೆರೇಡಿನ ದನಿಯಲ್ಲಿ ಅಬ್ಬರಿಸಿದ.
ಅಬ್ಬರಿಸಿದಷ್ಟೂ ದವಡೆ ಬಿಗಿಯಿತು.
‘ಕೂಗಬೇಡಿ ಸಾರ್, ನೀವೂ ಜಗಳಕ್ಕೆ ಸೇರಿದಿರಿ ಅಂತ ಲೆಕ್ಕ ಅದಕ್ಕೆ.’
ಪಲ್ಪರಿನಿಂದ ಓಡಿ ಬಂದ ಮೊಯ್ದು
ಒದ್ದೆ ಗೋಣಿಯನ್ನು ಎರಡು ತಲೆಗಳ ಮೇಲೂ ಎಸೆದ.
‘ಹಿಂಗಾಲು ಹಿಡೀರಿ. ಇಬ್ಬರೂ ಒಂದೇ ಸಲಕ್ಕೆ.
ಕೈಗಾಡಿ ಹಿಡಿದ ಹಾಗೆ ಎತ್ತಿ, ಹಿಂದೆ, ಹಿಂದೆ,
ಬಾಯಿ ಬಿಡುವ ತನಕ ಎಳೀಬೇಡಿ, ಕಿವಿ ಹರೀತದೆ.’

ಬಿಟ್ಟಿತು.
ಒಂದು ಸ್ಟೋರಿಗೆ, ಒಂದು ಬಚ್ಚಲಿಗೆ. ಎರಡು ಚಿಲಕ.
ಕಣದಲ್ಲಿ, ಹಣ್ಣಿನದೋ ನಾಯಿಯದೋ
ತಿಳಿಯದ ಹಾಗೆ ಕೆಂಪು.

ನಾಲ್ಕು ಹೊಲಿಗೆ ನನ್ನ ಅಂಗೈಗೆ.
ಯಾವುದು ಕಚ್ಚಿದ್ದು ಎಂದು ನರ್ಸು ಕೇಳಿದಳು.
ಗೊತ್ತಿಲ್ಲ ಎಂದೆ.
ಗೊತ್ತಿತ್ತು. ನನ್ನದೇ.

ಆ ರಾತ್ರಿ ‘ನಿನ್ನ ನಾಯಿ’ ಎಂದ ಚಂಗಪ್ಪ.
‘ನಿನ್ನ ನಾಯಿ’ ಎಂದೆ ನಾನು.
ಆ ಮಾತು ಆ ಮನೆಯಲ್ಲಿ ಮೊದಲ ಸಲ.

ಡಾಕ್ಟರ್ ಪೂವಮ್ಮ ಮೇಜರಿನ ತುಟಿ ಎತ್ತಿ ತೋರಿಸಿದರು:
ಸೀಳಿದ ದವಡೆಹಲ್ಲು, ಬುಡದಲ್ಲಿ ಕೀವು.
‘ಎಷ್ಟು ದಿನದಿಂದ ಒಂದೇ ಕಡೆ ಅಗಿಯುತ್ತಿತ್ತು?’
ನಾವು ಒಬ್ಬರನ್ನೊಬ್ಬರು ನೋಡಿಕೊಂಡೆವು.
ಗೋಣಿ ಬಿಟ್ಟು ಬರಿ ನೆಲಕ್ಕೆ ಹೋಗಿ ಮಲಗಿದ್ದು,
ಜೀರಿಗೆ ಹಾದುಹೋದಾಗ ಕಲ್ಲಾದದ್ದು,
ಕಣ್ಣಂಚಿನ ಬಿಳಿ, ಸುಮ್ಮಸುಮ್ಮನೆ ತುಟಿ ನೆಕ್ಕಿಕೊಂಡದ್ದು.
‘ಇದ್ದಕ್ಕಿದ್ದ ಹಾಗೆ ಅಂತೀರಿ.
ಅದು ತಿಂಗಳಿಂದ ಹೇಳ್ತಾ ಇತ್ತು.’

ಹಲ್ಲು ಹೋಯಿತು. ಹಳೆಯದು ವಾಪಸು ಬರಲಿಲ್ಲ.
ನಡುಬಾಗಿಲಿಗೆ ಕೋಳಿಬಲೆ ಹೊಡೆದೆವು.
ಬಲೆಯ ಆಚೆ ಒಂದು ತಟ್ಟೆ, ಈಚೆ ಒಂದು.
ಜೀಪಿನ ಸದ್ದಾದರೆ ಮೊದಲು ಒಂದು ಒಳಗೆ.
ಬೆಳಿಗ್ಗೆ ಸಿಲ್ವರ್ ಓಕುಗಳ ಕೆಳಗೆ
ಅವನೊಂದು ಹಗ್ಗ, ನಾನೊಂದು ಹಗ್ಗ,
ನಡುವೆ ಮೂವತ್ತು ಹೆಜ್ಜೆ ಬಿಟ್ಟು ಒಂದೇ ದಿಕ್ಕಿಗೆ ನಡೆದೆವು.
ಮುಂದಿನ ವಾರ ಇಪ್ಪತ್ತು.
ಹತ್ತಕ್ಕೆ ಬಂದ ದಿನ ಜೀರಿಗೆ ಕಲ್ಲಾಯಿತು,
ಮತ್ತೆ ಇಪ್ಪತ್ತೈದು.
ಅಷ್ಟು ದೂರದಿಂದ ಮಾತಾಡಲು ದನಿ ಎತ್ತಬೇಕು,
ದನಿ ಎತ್ತುವ ಹಾಗಿಲ್ಲ;
ಅದಕ್ಕೇ ಸುಮ್ಮನೆ ನಡೆದೆವು,
ನಮಗೂ ಅದೇ ಒಳ್ಳೆಯದಾಯಿತೇನೋ.

ಈಗ ಕಾಫಿ ಹೂ ಬಿಟ್ಟಿದೆ.
ಬಲೆಯ ಎರಡೂ ಬದಿಗೆ ಬೆನ್ನು ತಾಗಿಸಿ ಮಲಗುತ್ತವೆ,
ಬಲೆಯ ಕಣ್ಣುಗಳಲ್ಲಿ ಕಂದು ಕೂದಲು, ಕಪ್ಪು ಕೂದಲು.
‘ಇನ್ನು ತೆಗೆಯಬಹುದಲ್ಲ?’ ಎಂದ ಚಂಗಪ್ಪ.
ಅಂಗೈ ನೋಡಿಕೊಂಡೆ.
ಇನ್ನು ಮೂರು ವಾರ ಇರಲಿ ಎಂದೆ.

ಸರಿ ಎಂದು ಊಟಕ್ಕೆ ಕೂತ.
ಯಾವ ಕಡೆ ಅಗಿಯುತ್ತಾನೆ ಎಂದು
ಈಚೆಗೆ ನೋಡುತ್ತೇನೆ.